ಮೇಸನ್ ವಿನ್ ಅವರ ಬ್ಯಾಟಿನಿಂದ ಎಷ್ಟನ್ನು ಕೇಳಬೇಕು?

2025ರ ಋತು ಮುಗಿದಾಗ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ, ಅದರ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಶಾರ್ಟ್‌ಸ್ಟಾಪ್ ಸ್ಥಾನದ ಗೋಲ್ಡ್ ಗ್ಲೋವ್, ಅಂದರೆ ಅತ್ಯುತ್ತಮ ಕ್ಷೇತ್ರರಕ್ಷಕನ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಮೂವರ ಹೆಸರಿತ್ತು. ಒಬ್ಬರು ಲಾಸ್ ಏಂಜಲಿಸ್ ಡಾಜರ್ಸ್‌ನ ಮೂಕಿ ಬೆಟ್ಸ್. 2018ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡು, ಔಟ್‌ಫೀಲ್ಡಿನಲ್ಲಿ (ಮೈದಾನದ ಹೊರಭಾಗದಲ್ಲಿ) ಆರು ಗೋಲ್ಡ್ ಗ್ಲೋವ್ ಗೆದ್ದು, ಮೂವತ್ತು ದಾಟಿದ ಮೇಲೆ ಶಾರ್ಟ್‌ಸ್ಟಾಪ್ ಆಟವನ್ನು ರೂಢಿಸಿಕೊಂಡ ದೊಡ್ಡ ಬ್ಯಾಟರ್ ಅವರು. ಇನ್ನೊಬ್ಬರು ಅಟ್ಲಾಂಟಾ ಬ್ರೇವ್ಸ್‌ನಲ್ಲಿ ಆಡಿದ ನಿಕ್ ಆಲನ್. ಇಡೀ ಋತುವಿನಲ್ಲಿ ಒಂದೂ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಬೇಲಿಯಾಚೆ ಹೋಗುವ ಹೊಡೆತ) ಹೊಡೆಯದೆ, 0.221ರ ಬ್ಯಾಟಿಂಗ್ ಸರಾಸರಿಯಲ್ಲಿ (ಸಾವಿರ ಯತ್ನಗಳಿಗೆ 221 ಯಶಸ್ವಿ ಹೊಡೆತ), ಕೈಗವಸೊಂದರ ಬಲದಿಂದಲೇ ತಂಡದಲ್ಲಿ ಉಳಿದವರು. ಪ್ರಶಸ್ತಿ ಸಿಕ್ಕಿದ್ದು ಮೂರನೆಯವರಾದ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಮೇಸನ್ ವಿನ್ ಅವರಿಗೆ. ಆಗ ಅವರಿಗೆ 23 ವರ್ಷ.

ವಿನ್ ಅವರ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯೆಲ್ಲ ಉಳಿದಿಬ್ಬರ ನಡುವಿನ ಅಂತರದಲ್ಲೇ ನಿಂತಿದೆ. ಬೆಟ್ಸ್ ಅವರಂತೆ ರನ್ ಹರಿಸುವ ಬ್ಯಾಟ್ ವಿನ್ ಅವರ ಕೈಯಲ್ಲಿಲ್ಲ. ಹಾಗೆಂದು ಅವರು ಆಲನ್ ಅವರಂತೆ ಬ್ಯಾಟಿನಿಂದ ಸಂಪೂರ್ಣ ನಿರಾಶೆ ಮಾಡುವವರೂ ಅಲ್ಲ. ಅಂತಿಮ ಪಟ್ಟಿಯಲ್ಲಿ ಹೆಸರಿದ್ದರೂ ಆಲನ್ ಅವರನ್ನು ಬ್ರೇವ್ಸ್ ತಂಡ ಅದೇ ನವೆಂಬರ್‌ನಲ್ಲಿ ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟು ಬದಲಿಗೆ ಮಾರಿಸಿಯೊ ಡುಬೊನ್ ಅವರನ್ನು ಪಡೆದುಕೊಂಡಿತು. ಕ್ಷೇತ್ರರಕ್ಷಣೆಯೊಂದೇ ಈ ಕಾಲದಲ್ಲಿ ಒಬ್ಬ ಆಟಗಾರನ ಸ್ಥಾನವನ್ನು ಎಷ್ಟರಮಟ್ಟಿಗೆ ಭದ್ರಪಡಿಸಬಲ್ಲದು ಎಂಬುದಕ್ಕೆ ಆ ವಿನಿಮಯವೇ ಉತ್ತರ. ಹಾಗಾದರೆ ಕ್ಷೇತ್ರರಕ್ಷಣೆಯಲ್ಲಿ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಒಳ್ಳೆಯವರಾದ ವಿನ್ ಅವರ ಬ್ಯಾಟ್ ಎಷ್ಟು ಬೆಳೆದರೆ ಸಾಕು, ಯಾವ ದಿಕ್ಕಿಗೆ ಬೆಳೆಯಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಅವರನ್ನು ಹೋಮ್ ರನ್ ಹೊಡೆಯುವ ಆಟಗಾರನನ್ನಾಗಿ ತಿದ್ದಲು ಹೊರಡುವುದು ತಪ್ಪು, ಮತ್ತು ಆ ತಪ್ಪಿನ ಬೆಲೆ ದೊಡ್ಡದು.

ಮೊದಲು ಸ್ಥಾನದ ವಿಚಾರ. ಬೇಸ್‌ಬಾಲ್‌ನಲ್ಲಿ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವರು ಶಾರ್ಟ್‌ಸ್ಟಾಪ್. ಬಲಗೈ ಬ್ಯಾಟರ್‌ಗಳು ಸಹಜವಾಗಿ ಚೆಂಡನ್ನು ಎಳೆದು ಹೊಡೆಯುವ ದಿಕ್ಕು ಅದೇ ಆದ್ದರಿಂದ ಇನ್‌ಫೀಲ್ಡಿನಲ್ಲಿ (ಬೇಸ್‌ಗಳ ಸುತ್ತಲಿನ ಒಳಭಾಗದಲ್ಲಿ) ಅತಿ ಹೆಚ್ಚು ಕೆಲಸ ಬೀಳುವುದು ಅಲ್ಲಿಗೆ. ಮೊದಲ ಬೇಸ್ ಮಾತ್ರ ಮೈದಾನದ ಆಚೆ ಬದಿಯಲ್ಲಿರುತ್ತದೆ. ಚೆಂಡು ಹಿಡಿದರೆ ಕೆಲಸ ಮುಗಿಯುವುದಿಲ್ಲ. ಓಡುವವನು ಬೇಸ್ ಮುಟ್ಟುವುದಕ್ಕೆ ಮೊದಲು ಅದು ಅಲ್ಲಿಗೆ ತಲುಪಬೇಕು. ಮೇಜರ್ ಲೀಗ್‌ನ ಸಾಧಾರಣ ವೇಗದ ಬಲಗೈ ಬ್ಯಾಟರ್ ಹೊಡೆದ ಕ್ಷಣದಿಂದ ಮೊದಲ ಬೇಸ್‌ವರೆಗಿನ 90 ಅಡಿಯನ್ನು ಓಡಿ ಮುಗಿಸಲು ಸುಮಾರು ನಾಲ್ಕೂಕಾಲು ಸೆಕೆಂಡು ತೆಗೆದುಕೊಳ್ಳುತ್ತಾನೆ. ಚೆಂಡಿನ ದಿಕ್ಕು ಗುರುತಿಸುವುದು, ಅದರ ದಾರಿಗೆ ಅಡ್ಡ ಬರುವುದು, ಹಿಡಿಯುವುದು, ಕೈಗವಸಿನಿಂದ ಬರಿಗೈಗೆ ತಂದುಕೊಳ್ಳುವುದು, ಎಸೆಯುವುದು ಎಲ್ಲವೂ ಅಷ್ಟರೊಳಗೆ ಆಗಬೇಕು.

ಇದರಲ್ಲಿ ಅತ್ಯಂತ ಕಷ್ಟದ್ದು ಮೂರನೆಯ ಬೇಸ್‌ನವನಿಗೂ ಶಾರ್ಟ್‌ಸ್ಟಾಪ್‌ಗೂ ನಡುವಿನ ಸಂದಿಯಲ್ಲಿ ನೆಲಕ್ಕೆ ತಾಗಿ ಬರುವ ಚೆಂಡು. ಶಾರ್ಟ್‌ಸ್ಟಾಪ್ ತನ್ನ ಬಲಕ್ಕೆ, ಅಂದರೆ ಎಸೆಯಬೇಕಾದ ದಿಕ್ಕಿಗೆ ನೇರ ವಿರುದ್ಧವಾಗಿ ಓಡುತ್ತಾನೆ. ಎಡಗೈಯ ಗವಸನ್ನು ಮೈಗೆ ಅಡ್ಡಲಾಗಿ ತಿರುಗಿಸಿ ಚೆಂಡನ್ನು ಹಿಡಿಯುತ್ತಾನೆ. ಬಲಗಾಲನ್ನು ಮಣ್ಣಿನಲ್ಲಿ ಊರಿ ದೇಹದ ಓಟವನ್ನು ತಡೆಯುತ್ತಾನೆ. ಮುಂದಕ್ಕೆ ಹೆಜ್ಜೆ ಹಾಕಿ ಬಲ ಕೂಡಿಸಿಕೊಳ್ಳಲು ಸಮಯವಿಲ್ಲದ್ದರಿಂದ ಭುಜ ಮತ್ತು ಮೊಣಕೈಯ ಬಲದಲ್ಲೇ ಸುಮಾರು 130 ಅಡಿ, ಎಂದರೆ 40 ಮೀಟರ್ ದೂರಕ್ಕೆ ಎಸೆಯುತ್ತಾನೆ. ಆ ಎಸೆತ ಗಂಟೆಗೆ 85 ಮೈಲಿ ವೇಗದಲ್ಲಿ ಹೋದರೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಬೇಕು, 92 ಮೈಲಿಯಲ್ಲಿ ಹೋದರೆ ತುಸು ಕಡಿಮೆ ಸಾಕು. ವ್ಯತ್ಯಾಸ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಆದರೆ ಅಷ್ಟರಲ್ಲಿ ಓಡುವವನು ಎರಡು ಅಡಿ ಮುಂದೆ ಬಂದಿರುತ್ತಾನೆ, ಮತ್ತು ಮೊದಲ ಬೇಸ್‌ನ ತೀರ್ಪುಗಳಲ್ಲಿ ಬಹುಪಾಲು ಆ ಎರಡು ಅಡಿಯೊಳಗೇ ನಿರ್ಧಾರವಾಗುತ್ತವೆ.

ವಿನ್ ಅವರ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಈ ಭುಜದಿಂದಲೇ. 2022ರ ಜುಲೈನಲ್ಲಿ ಡಾಜರ್ ಸ್ಟೇಡಿಯಂನಲ್ಲಿ ನಡೆದ, ಕಿರಿಯ ಲೀಗ್‌ಗಳ ಭರವಸೆಯ ಆಟಗಾರರ ಫ್ಯೂಚರ್ಸ್ ಪಂದ್ಯದಲ್ಲಿ ಅವರು ಶಾರ್ಟ್‌ಸ್ಟಾಪ್ ಜಾಗದಿಂದ ಮೊದಲ ಬೇಸ್‌ಗೆ ಎಸೆದ ಚೆಂಡಿನ ವೇಗ ಗಂಟೆಗೆ 100.5 ಮೈಲಿ, ಅಂದರೆ ಸುಮಾರು 162 ಕಿಲೋಮೀಟರ್ ಎಂದು ದಾಖಲಾಯಿತು. ಟೆಕ್ಸಸ್‌ನ ಕಿಂಗ್‌ವುಡ್ ಹೈಸ್ಕೂಲಿನಲ್ಲಿ ಅವರು ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವರು) ಕೂಡ ಆಗಿದ್ದರು. ಕೋವಿಡ್ ಕಾರಣಕ್ಕೆ ಐದೇ ಸುತ್ತಿಗೆ ಇಳಿದಿದ್ದ 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆಯಲ್ಲಿ) ಕಾರ್ಡಿನಲ್ಸ್ ತಂಡ ಅವರನ್ನು ಎರಡನೇ ಸುತ್ತಿನಲ್ಲಿ, ಒಟ್ಟಾರೆ 54ನೆಯವರಾಗಿ ಆರಿಸಿದಾಗ ಎರಡೂ ಪಾತ್ರಗಳ ಯೋಚನೆ ಇತ್ತು. ಪಿಚಿಂಗ್ ಹಿಂದೆ ಸರಿಯಿತು, ತೋಳು ಉಳಿಯಿತು. ಬಲವಾದ ತೋಳಿನ ಲಾಭ ಎಸೆತದ ಕ್ಷಣಕ್ಕಷ್ಟೇ ಸೀಮಿತವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಎಸೆತದಲ್ಲಿ ಸಮಯ ಉಳಿಯುತ್ತದೆ ಎಂಬ ಭರವಸೆ ಇದ್ದವನು ಒಂದೆರಡು ಹೆಜ್ಜೆ ಹಿಂದೆ ನಿಲ್ಲಬಹುದು. ಹಿಂದೆ ನಿಂತವನಿಗೆ ಚೆಂಡನ್ನು ನೋಡಲು ಹೆಚ್ಚು ಹೊತ್ತು ಸಿಗುತ್ತದೆ, ಪಕ್ಕಕ್ಕೆ ಹೆಚ್ಚು ದೂರ ಸಾಗಲು ಸಾಧ್ಯವಾಗುತ್ತದೆ. ವಿನ್ ಅವರು ಎಲ್ಲೆಡೆ ವ್ಯಾಪಿಸಿಕೊಂಡಂತೆ ಕಾಣುವುದಕ್ಕೆ ಕಾಲಿನ ವೇಗ ಎಷ್ಟು ಕಾರಣವೋ ಭುಜವೂ ಅಷ್ಟೇ ಕಾರಣ.

ಆರಂಭದಲ್ಲಿ ಅವರ ಬಗ್ಗೆ ಇದ್ದ ಸಂಶಯ ಬೇರೆಯದು. ತೋಳಿನ ಬಲವನ್ನೇ ನೆಚ್ಚಿಕೊಂಡ ಹುಡುಗರು ಪಾದಗಳನ್ನು ಸರಿಯಾಗಿ ಜೋಡಿಸಿಕೊಳ್ಳದೆ ಎಸೆಯುತ್ತಾರೆ, ಆಗ ಎಸೆತ ದಾರಿ ತಪ್ಪುತ್ತದೆ. 2025ರಲ್ಲಿ 129 ಪಂದ್ಯಗಳನ್ನಾಡಿದ ವಿನ್ ಅವರ ಲೆಕ್ಕದಲ್ಲಿ ಬಿದ್ದ ಲೋಪಗಳು ಕೇವಲ ಮೂರು. ಕ್ಷೇತ್ರರಕ್ಷಣೆಯ ಪ್ರಮಾಣ 0.994. ಇದೇ ಸ್ಥಾನದಲ್ಲಿ ಕ್ಯಾಲ್ ರಿಪ್ಕೆನ್ 1990ರಲ್ಲಿ 161 ಪಂದ್ಯಗಳಲ್ಲಿ ಮೂರೇ ಲೋಪ ಮಾಡಿದ್ದನ್ನು ಈಗಲೂ ಅಚ್ಚರಿಯಿಂದ ನೆನೆಯುತ್ತಾರೆ. ಲೋಪಗಳ ಎಣಿಕೆ ಹಳೆಯ ಅಳತೆ, ಅದಕ್ಕೊಂದು ದೊಡ್ಡ ದೋಷವೂ ಇದೆ: ತಲುಪಲಾರದ ಚೆಂಡಿಗೆ ಯಾರೂ ಲೋಪ ಬರೆಯುವುದಿಲ್ಲ, ಹಾಗಾಗಿ ನಿಧಾನವಾಗಿ ಚಲಿಸುವ ಎಚ್ಚರಿಕೆಯ ಆಟಗಾರ ಕಾಗದದ ಮೇಲೆ ನಿರ್ದೋಷಿಯಾಗಿ ಕಾಣುತ್ತಾನೆ. ವಿನ್ ಅವರ ಮೂರರ ಬೆಲೆ ಇರುವುದು, ಇತರರು ಮುಟ್ಟಲೂ ಆಗದ ಚೆಂಡುಗಳನ್ನು ಬೆನ್ನಟ್ಟುತ್ತಲೇ ಅದನ್ನು ಸಾಧಿಸಿದ್ದರಲ್ಲಿ.

ಆ ವ್ಯಾಪ್ತಿಯನ್ನು ಅಳೆಯುವ ಸಾಧನ ಈಗ ಇದೆ. 2015ರಿಂದ ಎಲ್ಲ ಮೈದಾನಗಳಲ್ಲೂ ಇರುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಪ್ರತಿ ಚೆಂಡು ಹೊಡೆದಾಗಲೂ ಕ್ಷೇತ್ರರಕ್ಷಕ ಎಲ್ಲಿ ನಿಂತಿದ್ದ, ಎಷ್ಟು ದೂರ ಓಡಬೇಕಿತ್ತು, ಎಷ್ಟು ಸಮಯವಿತ್ತು, ಬೇಸ್ ಎಷ್ಟು ದೂರ, ಓಡುವವನ ವೇಗವೆಷ್ಟು ಎಂದು ದಾಖಲಿಸಿ, ಸರಾಸರಿ ಆಟಗಾರ ಆ ಔಟ್ ಪಡೆಯುವ ಸಂಭವನೀಯತೆಯನ್ನು ಹೇಳುತ್ತದೆ. ಶೇ. 30ರಷ್ಟು ಮಾತ್ರ ಸಾಧ್ಯತೆಯಿದ್ದ ಔಟ್ ಪಡೆದವನಿಗೆ 0.7 ಸೇರುತ್ತದೆ, ಬಿಟ್ಟವನಿಗೆ 0.3 ಕಳೆಯುತ್ತದೆ. ಋತುವಿನ ಕೊನೆಗೆ ಒಟ್ಟು ಮಾಡಿದರೆ ಸರಾಸರಿಗಿಂತ ಎಷ್ಟು ಔಟ್ ಹೆಚ್ಚು ಎಂಬ ಸಂಖ್ಯೆ ಸಿಗುತ್ತದೆ. 2025ರಲ್ಲಿ ಈ ಅಳತೆಯಲ್ಲಿ ವಿನ್ ಇಡೀ ಮೇಜರ್ ಲೀಗ್‌ನ ಬೆರಳೆಣಿಕೆಯ ಅತ್ಯುತ್ತಮ ಶಾರ್ಟ್‌ಸ್ಟಾಪ್‌ಗಳಲ್ಲಿ ಒಬ್ಬರಾಗಿದ್ದರು. ಹಿಂದಿನ ವರ್ಷವೂ ಅವರು ಗೋಲ್ಡ್ ಗ್ಲೋವ್ ಅಂತಿಮ ಪಟ್ಟಿಯಲ್ಲಿದ್ದು ಕೊಲೊರಾಡೊದ ಎಸೆಕಿಯೆಲ್ ತೋವಾರ್ ಅವರಿಗೆ ಸೋತಿದ್ದರು. ಒಂದು ಋತುವಿನ ಅದೃಷ್ಟ ಇದಲ್ಲ ಎಂದು ಹೇಳಲು ಎರಡು ವರ್ಷಗಳ ಸಾಕ್ಷ್ಯ ಸಾಕು.

ಇನ್ನು ಬ್ಯಾಟ್. 2023ರ ಆಗಸ್ಟ್ 18ರಂದು ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಮೇಜರ್ ಲೀಗ್‌ಗೆ ಕಾಲಿಟ್ಟ ವಿನ್, ಆ ವರ್ಷ ಆಡಿದ 37 ಪಂದ್ಯಗಳಲ್ಲಿ ಗಳಿಸಿದ ಸರಾಸರಿ 0.172. ಅದಕ್ಕೆ ಮೊದಲು ಮೆಂಫಿಸ್‌ನಲ್ಲಿ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ, 18 ಹೋಮ್ ರನ್ ಹೊಡೆದು ಬಂದವರಿಗೆ ಅದೊಂದು ದೊಡ್ಡ ಪೆಟ್ಟು. 2024ರಲ್ಲಿ ಅವರು ಚೇತರಿಸಿಕೊಂಡ ರೀತಿ ಗಮನಾರ್ಹ: 150 ಪಂದ್ಯ, 0.267 ಸರಾಸರಿ, 15 ಹೋಮ್ ರನ್. 2025ರಲ್ಲಿ ಮತ್ತೆ ಇಳಿಕೆ. ಸರಾಸರಿ 0.253, ಹೋಮ್ ರನ್ ಒಂಬತ್ತು. ಮೇಲುನೋಟಕ್ಕೆ ಇದು ಏರಿ ಬಿದ್ದ ಗ್ರಾಫ್. ಆದರೆ ಒಳಗಿನ ಎರಡು ಸಂಖ್ಯೆಗಳನ್ನು ಬೇರ್ಪಡಿಸಿ ನೋಡಿದರೆ ಕಥೆ ಬದಲಾಗುತ್ತದೆ.

ಬ್ಯಾಟರ್‌ನನ್ನು ಅಳೆಯುವಾಗ ಎರಡು ಪ್ರಶ್ನೆ ಕೇಳುತ್ತಾರೆ. ಔಟಾಗದೆ ಎಷ್ಟು ಸಲ ಬೇಸ್ ತಲುಪುತ್ತಾನೆ ಎಂಬುದು ಮೊದಲನೆಯದು, ಅದು ಆನ್‌ಬೇಸ್ ಪ್ರಮಾಣ. ಹೊಡೆದಾಗ ಎಷ್ಟು ಬೇಸ್ ಗಳಿಸುತ್ತಾನೆ ಎಂಬುದು ಎರಡನೆಯದು, ಅದು ಸ್ಲಗಿಂಗ್ ಪ್ರಮಾಣ. 2024ರಲ್ಲಿ ವಿನ್ ಅವರ ಆನ್‌ಬೇಸ್ 0.314, ಇಡೀ ಮೇಜರ್ ಲೀಗ್‌ನ ಸರಾಸರಿ 0.312. 2025ರಲ್ಲಿ ಅವರದು 0.310, ಲೀಗ್‌ನದು 0.315. ಅಂದರೆ ಎರಡೂ ವರ್ಷ ಅವರು ಹೆಚ್ಚುಕಡಿಮೆ ಸರಾಸರಿ ಆಟಗಾರನಷ್ಟೇ ಸಲ ಬೇಸ್ ತಲುಪಿದ್ದಾರೆ. ಕುಸಿದದ್ದು ಸ್ಲಗಿಂಗ್ ಮಾತ್ರ: 0.416ರಿಂದ 0.363ಕ್ಕೆ, ಲೀಗ್ ಸರಾಸರಿ 0.399 ಮತ್ತು 0.404 ಇದ್ದಾಗ. ಚೆಂಡನ್ನು ಬ್ಯಾಟಿಗೆ ಸೇರಿಸುವ ಕೌಶಲ ಹೋಗಿಲ್ಲ. ಸ್ಟ್ರೈಕೌಟ್ ಆಗುವ, ಅಂದರೆ ಮೂರು ಸ್ಟ್ರೈಕ್‌ಗಳಿಗೆ (ಹೊಡೆಯಲಾಗದ ಅಥವಾ ಬಿಡಬಾರದಿದ್ದ ಎಸೆತಗಳಿಗೆ) ಔಟಾಗುವ ಪ್ರಮಾಣ ಎರಡೂ ವರ್ಷ ಲೀಗ್ ಸರಾಸರಿಗಿಂತ ಕಡಿಮೆಯೇ ಇತ್ತು. ಹೊಡೆತದ ಭಾರ ಕಡಿಮೆಯಾಯಿತು, ಅಷ್ಟೇ.

ಭಾರ ಯಾಕೆ ಕಡಿಮೆಯಾಯಿತು ಎಂಬುದಕ್ಕೆ ಒಂದು ಉತ್ತರ ಮೊಣಕಾಲಿನಲ್ಲಿದೆ. ಮೆನಿಸ್ಕಸ್ ಎಂಬ ಮೃದ್ವಸ್ಥಿ ಹರಿದ ಮೊಣಕಾಲಿನೊಂದಿಗೆ ವಿನ್ ಆಡುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅವರ ಋತು ಅಲ್ಲಿಗೇ ನಿಂತು ಶಸ್ತ್ರಚಿಕಿತ್ಸೆಯಾಯಿತು. ಬ್ಯಾಟರ್‌ನ ಬಲ ಹುಟ್ಟುವುದು ತೋಳಿನಲ್ಲಲ್ಲ. ನೆಲವನ್ನು ಒತ್ತುವ ಕಾಲಿನಿಂದ ಹೊರಟು ಸೊಂಟದ ತಿರುವಿನ ಮೂಲಕ ಅದು ಕೈಗೆ ಬರುತ್ತದೆ. ಒಂದು ಮೊಣಕಾಲು ನೋಯುತ್ತಿದ್ದರೆ ದೇಹ ತನಗರಿವಿಲ್ಲದೆಯೇ ಆ ತಿರುವನ್ನು ಮೊಟಕುಗೊಳಿಸುತ್ತದೆ. ಎಲ್ಲವನ್ನೂ ಗಾಯದ ತಲೆಗೆ ಕಟ್ಟುವುದು ಸರಿಯಲ್ಲ, ಏಕೆಂದರೆ ಅದೇ ಮೊಣಕಾಲಿನ ಮೇಲೆ ಅವರು ದೇಶದ ಅತ್ಯುತ್ತಮ ಕ್ಷೇತ್ರರಕ್ಷಕರಲ್ಲಿ ಒಬ್ಬರಾಗಿ ಆಡಿದ್ದಾರೆ. ಸೇಂಟ್ ಲೂಯಿಸ್‌ನ ಬುಶ್ ಸ್ಟೇಡಿಯಂ ಹೋಮ್ ರನ್‌ಗೆ ಕೃಪಣವಾದ ಮೈದಾನ ಎಂಬುದನ್ನೂ ಸೇರಿಸಿಕೊಳ್ಳಬೇಕು. ಗಾಯವಿಲ್ಲದ 2024ರಲ್ಲೂ 15 ಹೋಮ್ ರನ್ ಅವರ ಸಾಮರ್ಥ್ಯದ ಮಧ್ಯಮ ಅಂದಾಜೋ ಅಥವಾ ಮೇಲಿನ ಅಂಚೋ ಎಂಬ ಪ್ರಶ್ನೆ ಇದ್ದೇ ಇದೆ. ನನಗೆ ಅದು ಮೇಲಿನ ಅಂಚಿಗೆ ಹತ್ತಿರ ಎನಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸರಾಸರಿ ಬ್ಯಾಟರ್‌ನ ಉತ್ಪಾದನೆಯನ್ನು 100 ಎಂದಿಟ್ಟುಕೊಂಡರೆ ವಿನ್ 2024ರಲ್ಲಿ ನೂರಕ್ಕಿಂತ ತುಸು ಮೇಲೆ, 2025ರಲ್ಲಿ 90ರ ಆಸುಪಾಸಿನಲ್ಲಿ ಇದ್ದರು. ಪೂರ್ಣ ಋತುವಿನ 600 ಬ್ಯಾಟಿಂಗ್ ಸರದಿಗಳಲ್ಲಿ ಸರಾಸರಿ ಆಟಗಾರ ಸುಮಾರು 70 ರನ್‌ಗಳಷ್ಟು ಕೊಡುಗೆ ನೀಡುತ್ತಾನೆ. ಹತ್ತು ಅಂಶ ಕಡಿಮೆ ಎಂದರೆ ಏಳು ರನ್ ನಷ್ಟ. ಕ್ಷೇತ್ರರಕ್ಷಣೆಯ ಕಡೆ, ಇನ್‌ಫೀಲ್ಡರ್ ಹೆಚ್ಚುವರಿಯಾಗಿ ಪಡೆದ ಪ್ರತಿ ಔಟ್‌ಗೆ ಮುಕ್ಕಾಲು ರನ್ ಬೆಲೆ ಕಟ್ಟುತ್ತಾರೆ. ವಿನ್ ಅವರ ದರ್ಜೆಯ ಆಟಗಾರ 20 ಔಟ್ ಹೆಚ್ಚು ಪಡೆದರೆ 15 ರನ್ ಲಾಭ. ಶಾರ್ಟ್‌ಸ್ಟಾಪ್‌ನಂಥ ಕಠಿಣ ಸ್ಥಾನದಲ್ಲಿ ಆಡಿದ್ದಕ್ಕೆ ಫ್ಯಾನ್‌ಗ್ರಾಫ್ಸ್ ಎಂಬ ಅಂಕಿಅಂಶ ಜಾಲತಾಣದ ಪದ್ಧತಿಯಲ್ಲಿ ಪೂರ್ಣ ಋತುವಿಗೆ ಏಳೂವರೆ ರನ್ ಸೇರಿಸುತ್ತಾರೆ. ಮೊದಲ ಬೇಸ್‌ನವನಿಗೆ ಹನ್ನೆರಡೂವರೆ ಕಳೆಯುತ್ತಾರೆ. ಸುಮಾರು ಹತ್ತು ರನ್‌ಗೆ ಒಂದು ಗೆಲುವು ಎಂಬುದು ರೂಢಿಯ ಸಮೀಕರಣ.

ಕೂಡಿಸಿ ನೋಡಿದರೆ, ಸರಾಸರಿಗಿಂತ ಕೆಳಗಿನ ಬ್ಯಾಟ್ ಹಿಡಿದೂ ಇಂಥ ಆಟಗಾರ ಸರಾಸರಿಗಿಂತ 15 ರನ್ ಮೇಲಿರುತ್ತಾನೆ. ಸುಲಭವಾಗಿ ಸಿಗುವ ಬದಲಿ ಆಟಗಾರನಿಗೆ ಹೋಲಿಸಿದರೆ ಮೂರೂವರೆ ಗೆಲುವಿನಷ್ಟು ಬೆಲೆ ಬಾಳುತ್ತಾನೆ. ಇದು ಒಳ್ಳೆಯ ತಂಡದ ಖಾಯಂ ಆಟಗಾರನ ಮಟ್ಟ. ಈಗ ಎರಡು ದಿಕ್ಕಿನಲ್ಲಿ ಕಲ್ಪಿಸಿಕೊಳ್ಳಿ. ಬ್ಯಾಟ್ 90ರಿಂದ 110ಕ್ಕೆ ಏರಿತು ಎಂದರೆ, ಇದು ಸಣ್ಣ ಸಾಧನೆಯಲ್ಲ, ಸಿಗುವುದು ಸುಮಾರು 14 ರನ್, ಒಂದೂವರೆ ಗೆಲುವಿಗೆ ಹತ್ತಿರ. ಬ್ಯಾಟ್ ಆಲನ್ ಅವರ 2025ರ ಮಟ್ಟಕ್ಕೆ, ಅಂದರೆ ಸರಾಸರಿಯ ಸುಮಾರು ಅರ್ಧಕ್ಕೆ ಕುಸಿದರೆ ಹೋಗುವುದು ಇನ್ನೂ 25ಕ್ಕೂ ಹೆಚ್ಚು ರನ್. ಏರಿಕೆಯಿಂದ ಬರುವ ಲಾಭಕ್ಕಿಂತ ಕುಸಿತದಿಂದ ಆಗುವ ನಷ್ಟ ದೊಡ್ಡದು. ಆದ್ದರಿಂದ ಈಗಿರುವ ನೆಲೆಯನ್ನು ಕಾಯ್ದುಕೊಂಡು ಮೆಲ್ಲಗೆ ಏರುವ ದಾರಿಯೇ ವಿನ್ ಅವರಿಗೆ ಸರಿ. ಎಲ್ಲವನ್ನೂ ಪಣಕ್ಕಿಟ್ಟು ಹಾರುವ ದಾರಿಯಲ್ಲ.

ಕ್ರಿಕೆಟ್ ನೋಡಿ ಬೆಳೆದ ಕನ್ನಡ ಓದುಗರಿಗೆ ಈ ಗೊಂದಲ ಅಪರಿಚಿತವಲ್ಲ. ಕರ್ನಾಟಕದ ಸೈಯದ್ ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 27ರ ಸರಾಸರಿಯಲ್ಲಿ ಬ್ಯಾಟ್ ಮಾಡಿದರು, ಎರಡು ಶತಕ ಹೊಡೆದರು, 1983ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ವಿಕೆಟ್ ಕೀಪರ್ ಎನಿಸಿಕೊಂಡರು. ಅವರ ಕಾಲದಲ್ಲಿ ಅದು ಬೇಕಾದಷ್ಟಾಯಿತು. ಆಮೇಲಿನ ಪೀಳಿಗೆಯ ಕೀಪರ್‌ಗಳಿಂದ ಜನ ಬ್ಯಾಟ್ಸ್‌ಮನ್‌ನ ರನ್‌ಗಳನ್ನೇ ನಿರೀಕ್ಷಿಸತೊಡಗಿದರು. ಶಾರ್ಟ್‌ಸ್ಟಾಪ್ ಸ್ಥಾನದಲ್ಲೂ ಇದೇ ಬದಲಾವಣೆ ಆಗಿದೆ.

ಬಾಲ್ಟಿಮೋರ್ ಓರಿಯೋಲ್ಸ್‌ನ ಮಾರ್ಕ್ ಬೆಲ್ಯಾಂಜರ್ ಎಂಟು ಗೋಲ್ಡ್ ಗ್ಲೋವ್ ಗೆದ್ದವರು. ವೃತ್ತಿಜೀವನದ ಬ್ಯಾಟಿಂಗ್ ಸರಾಸರಿ 0.228, ಹದಿನೆಂಟು ಋತುಗಳಲ್ಲಿ ಹೋಮ್ ರನ್ 20. ಎಪ್ಪತ್ತರ ದಶಕದಲ್ಲಿ ಅಂಥವರಿಗೆ ಖಾಯಂ ಜಾಗವಿತ್ತು. ಇಂದು ಕಾನ್ಸಾಸ್ ಸಿಟಿಯ ಬಾಬಿ ವಿಟ್ ಜೂನಿಯರ್ 2024ರಲ್ಲಿ 0.332 ಸರಾಸರಿಯೊಂದಿಗೆ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಪಟ್ಟವನ್ನೂ ಗೋಲ್ಡ್ ಗ್ಲೋವ್ ಅನ್ನೂ ಒಟ್ಟಿಗೆ ಪಡೆಯುತ್ತಾರೆ. ಹೋಲಿಕೆಯ ಮಟ್ಟವೇ ಮೇಲೇರಿದೆ. ಇದರ ಜೊತೆಗೆ ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. 1980ರಲ್ಲಿ ಎಂಟು ಸರದಿಗೆ ಒಂದು ಸ್ಟ್ರೈಕೌಟ್ ಆಗುತ್ತಿತ್ತು. ಪಿಚರ್‌ಗಳ ವೇಗ ಏರುತ್ತ ಬಂದು ಸಾಮಾನ್ಯ ವೇಗದ ಎಸೆತವೇ ಗಂಟೆಗೆ 94 ಮೈಲಿ ಮುಟ್ಟಿರುವ ಈ ಕಾಲದಲ್ಲಿ ಶೇ. 22ಕ್ಕೂ ಹೆಚ್ಚು ಸರದಿಗಳು ಸ್ಟ್ರೈಕೌಟ್‌ನಲ್ಲೇ ಮುಗಿಯುತ್ತವೆ. ಬ್ಯಾಟಿಗೆ ತಾಗದ ಚೆಂಡು ಶಾರ್ಟ್‌ಸ್ಟಾಪ್ ಬಳಿಗೆ ಬರುವುದಿಲ್ಲ. ಅತ್ಯುತ್ತಮ ಕ್ಷೇತ್ರರಕ್ಷಕನಿಗೂ ತನ್ನ ಕೌಶಲ ತೋರಿಸಲು ಸಿಗುವ ಅವಕಾಶಗಳೇ ಕಡಿಮೆಯಾಗಿವೆ. 1980ರಲ್ಲಿ ಸ್ಯಾನ್ ಡಿಯಾಗೋದ ಒಬ್ಬ ಯುವ ಶಾರ್ಟ್‌ಸ್ಟಾಪ್ ಒಂದೇ ಋತುವಿನಲ್ಲಿ 621 ಅಸಿಸ್ಟ್‌ಗಳ (ಔಟ್‌ಗೆ ನೆರವಾದ ಎಸೆತಗಳ) ದಾಖಲೆ ಮಾಡಿದರು. ಆ ದಾಖಲೆಯ ಹತ್ತಿರ ಈಗ ಯಾರೂ ಸುಳಿಯಲಾರರು.

ಆ ಯುವಕ ಓಜಿ ಸ್ಮಿತ್. ಸೇಂಟ್ ಲೂಯಿಸ್‌ನಲ್ಲಿ ಶಾರ್ಟ್‌ಸ್ಟಾಪ್ ಆಡುವ ಯಾರನ್ನೇ ಆದರೂ ಅವರೊಂದಿಗೆ ಹೋಲಿಸದೆ ಬಿಡುವುದಿಲ್ಲ. ಬಹುತೇಕ ಹೋಲಿಕೆಗಳು ಭಾವುಕತೆಯಲ್ಲಿ ಮುಗಿಯುತ್ತವೆ, ಆದರೆ ವಿನ್ ಅವರ ವಿಚಾರದಲ್ಲಿ ಸ್ಮಿತ್ ಅವರ ಬ್ಯಾಟಿನ ಇತಿಹಾಸ ನಿಜಕ್ಕೂ ಉಪಯುಕ್ತ. 1978ರಲ್ಲಿ 0.258 ಸರಾಸರಿಯೊಂದಿಗೆ ಆರಂಭಿಸಿದ ಅವರು ಮರುವರ್ಷ 0.211ಕ್ಕೆ ಇಳಿದರು. ಮುಂದಿನ ಎರಡು ವರ್ಷ 0.230 ಮತ್ತು 0.222. ಗ್ಯಾರಿ ಟೆಂಪಲ್‌ಟನ್ ಅವರಂಥ ಒಳ್ಳೆಯ ಬ್ಯಾಟರ್‌ನನ್ನು ಬಿಟ್ಟುಕೊಟ್ಟು ಕಾರ್ಡಿನಲ್ಸ್ ಅವರನ್ನು ಪಡೆದುಕೊಂಡಾಗ ಸ್ಮಿತ್ ನಾಲ್ಕು ಪೂರ್ಣ ಋತು ಮುಗಿಸಿ, ಬ್ಯಾಟ್ ಹಿಡಿಯಲು ಬಾರದವರೆಂದು ಹೆಸರಾಗಿದ್ದರು. ವ್ಯವಸ್ಥಾಪಕ ವೈಟಿ ಹರ್ಜೋಗ್ ಅವರೊಂದಿಗೆ ಒಂದು ಪಣ ಕಟ್ಟಿದರು: ಚೆಂಡನ್ನು ಮೇಲಕ್ಕೆ ಹೊಡೆದಾಗಲೆಲ್ಲ ಸ್ಮಿತ್ ಒಂದು ಡಾಲರ್ ಕೊಡಬೇಕು, ನೆಲಕ್ಕೆ ಹೊಡೆದಾಗಲೆಲ್ಲ ಹರ್ಜೋಗ್ ಕೊಡಬೇಕು. ಸಣ್ಣ ಮೈಕಟ್ಟಿನ, ವೇಗವಾಗಿ ಓಡುವ ಆಟಗಾರನೊಬ್ಬನಿಗೆ ಅವನ ದೇಹಕ್ಕೆ ಒಗ್ಗುವ ಬ್ಯಾಟಿಂಗ್ ಯಾವುದೆಂದು ತಂಡವೇ ಗುರುತಿಸಿ ಹೇಳಿದ ಕ್ರಮ ಅದು.

ಫಲ ಬರಲು ವರ್ಷಗಳೇ ಹಿಡಿದವು. 1985ರಲ್ಲಿ 0.276, 1986ರಲ್ಲಿ 0.280. 1987ರಲ್ಲಿ, 32ರ ವಯಸ್ಸಿನಲ್ಲಿ, ಒಂದೂ ಹೋಮ್ ರನ್ ಇಲ್ಲದೆ 0.303 ಸರಾಸರಿ, 40 ಡಬಲ್ (ಎರಡು ಬೇಸ್ ಗಳಿಸುವ ಹೊಡೆತ), 75 ರನ್ ಬ್ಯಾಟೆಡ್ ಇನ್ (ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್). 89 ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟಾಗ ಸಿಗುವ ಮೊದಲ ಬೇಸ್) ಪಡೆದು ಕೇವಲ 36 ಸಲ ಸ್ಟ್ರೈಕೌಟ್ ಆದ ಋತು ಅದು. ಅತ್ಯಮೂಲ್ಯ ಆಟಗಾರನ ಮತದಾನದಲ್ಲಿ ಅವರು ಎರಡನೆಯವರಾದರು. ಕೊನೆಗೆ 13 ಗೋಲ್ಡ್ ಗ್ಲೋವ್, 2,460 ಹಿಟ್, 28 ಹೋಮ್ ರನ್, 2002ರಲ್ಲಿ ಹಾಲ್ ಆಫ್ ಫೇಮ್. ಈ ದಾರಿಯನ್ನು ವಿನ್ ಹಾಗೆಯೇ ಅನುಸರಿಸಲು ಸಾಧ್ಯವಿಲ್ಲ ಎಂಬುದೂ ನಿಜ. ಸ್ಮಿತ್ ಆಡಿದ ಹಳೆಯ ಬುಶ್ ಸ್ಟೇಡಿಯಂನಲ್ಲಿ ಕೃತಕ ಹುಲ್ಲಿತ್ತು, ನೆಲಕ್ಕೆ ಬಡಿದ ಚೆಂಡು ಅದರ ಮೇಲೆ ಚಿಮ್ಮಿ ಇನ್‌ಫೀಲ್ಡ್ ದಾಟುತ್ತಿತ್ತು. ಈಗಿನ ನಿಜವಾದ ಹುಲ್ಲಿನಲ್ಲಿ ಅದೇ ಚೆಂಡು ನಿಧಾನವಾಗುತ್ತದೆ. ಆದ್ದರಿಂದ ವಿನ್ ನೆಲಕ್ಕೆ ಹೊಡೆಯಬೇಕೆಂದು ಯಾರೂ ಹೇಳಬಾರದು. ಸ್ಮಿತ್ ಅವರಿಂದ ಪಡೆಯಬೇಕಾದದ್ದು ಆ 89 ವಾಕ್‌ಗಳು. ಲೀಗ್‌ನಲ್ಲಿ ಶೇ. 8ರಷ್ಟು ಸರದಿಗಳು ವಾಕ್‌ನಲ್ಲಿ ಮುಗಿಯುವಾಗ ವಿನ್ ಅದಕ್ಕಿಂತ ಕೆಳಗಿದ್ದಾರೆ. ಚೆಂಡನ್ನು ಮುಟ್ಟುವ ಕೌಶಲ ಚೆನ್ನಾಗಿರುವ ಯುವಕರಿಗೆ ಇದೊಂದು ಸಾಮಾನ್ಯ ತೊಡಕು: ಯಾವ ಎಸೆತವನ್ನಾದರೂ ಮುಟ್ಟಬಲ್ಲೆ ಎಂಬ ವಿಶ್ವಾಸದಿಂದಲೇ ಬಿಡಬೇಕಾದ ಎಸೆತವನ್ನೂ ಮುಟ್ಟಿ ದುರ್ಬಲವಾದ ಗ್ರೌಂಡ್ ಬಾಲ್ ಕೊಡುತ್ತಾರೆ. ಅಂಥ ಎಸೆತಗಳನ್ನು ಬಿಡಲು ಕಲಿತರೆ ವಾಕ್ ಹೆಚ್ಚುತ್ತದೆ, ಜೊತೆಗೆ ಹೊಡೆಯುವ ಎಸೆತಗಳ ಗುಣಮಟ್ಟ ಸುಧಾರಿಸಿ ಡಬಲ್‌ಗಳೂ ತಾವಾಗಿ ಬರುತ್ತವೆ.

ಬೇರೆ ದಾರಿ ಹಿಡಿದರೆ ಏನಾಗಬಹುದು ಎಂಬುದಕ್ಕೆ ನ್ಯೂಯಾರ್ಕ್ ಯಾಂಕೀಸ್‌ನ ಆ್ಯಂಥನಿ ವೋಲ್ಪೆ ಅವರನ್ನು ನೋಡಬೇಕು. 2023ರಲ್ಲಿ ಗೋಲ್ಡ್ ಗ್ಲೋವ್ ಗೆದ್ದ ಮೊದಲ ಯಾಂಕೀಸ್ ರೂಕಿ (ಮೊದಲ ಋತುವಿನ ಆಟಗಾರ) ಅವರು. ಅದೇ ವರ್ಷ 21 ಹೋಮ್ ರನ್ ಹೊಡೆದರು, ಆದರೆ ಆನ್‌ಬೇಸ್ 0.283 ಮಾತ್ರ. 2024ಕ್ಕೆ ಮುಂಚೆ ಬ್ಯಾಟ್ ಬೀಸುವ ಕೋನವನ್ನು ಸಮತಟ್ಟಾಗಿಸಿಕೊಂಡರು, ಸರಾಸರಿ 0.243ಕ್ಕೆ ಏರಿತು, ಹೋಮ್ ರನ್ 12ಕ್ಕೆ ಇಳಿಯಿತು. 2025ರಲ್ಲಿ ಮತ್ತೆ 19 ಹೋಮ್ ರನ್, ಸರಾಸರಿ 0.212, ಆನ್‌ಬೇಸ್ 0.272. ಮೂರು ವರ್ಷಗಳಲ್ಲಿ ಮೂರು ಬಗೆಯ ಬ್ಯಾಟರ್. 2025ರ ಮೇ ತಿಂಗಳಲ್ಲಿ ಚೆಂಡಿಗೆ ಹಾರಿ ಭುಜಕ್ಕೆ ಪೆಟ್ಟು ಮಾಡಿಕೊಂಡು ಋತುವಿನುದ್ದಕ್ಕೂ ಆಡಿದರು. ಅವರ ಹೆಮ್ಮೆಯಾಗಿದ್ದ ಕ್ಷೇತ್ರರಕ್ಷಣೆಯಲ್ಲೂ 19 ಲೋಪಗಳಾದವು, ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಾಯ ಯಾರ ತಪ್ಪೂ ಅಲ್ಲ. ಆದರೆ ಒಬ್ಬ ಯುವಕನ ಬ್ಯಾಟ್ ಯಾವ ರೂಪ ತಾಳಬೇಕೆಂಬ ಪ್ರಶ್ನೆಗೆ ಪ್ರತಿ ಚಳಿಗಾಲ ಹೊಸ ಉತ್ತರ ಹುಡುಕುತ್ತ ಹೋದರೆ ಯಾವ ಉತ್ತರವೂ ಕೈಗೆ ಹತ್ತಲು ಸಮಯ ಸಿಗುವುದಿಲ್ಲ ಎಂಬುದು ಅವರ ಮೂರು ವರ್ಷಗಳಲ್ಲಿ ಕಾಣುತ್ತದೆ.

ವಿನ್ ಅವರ ಮೇಲೆ ಹೋಮ್ ರನ್‌ನ ಒತ್ತಡ ಬರುವುದು ಅಭಿಮಾನಿಗಳಿಂದ ಮಾತ್ರವಲ್ಲ. ಮೇಜರ್ ಲೀಗ್‌ನ ಸಂಬಳದ ವ್ಯವಸ್ಥೆಯೂ ಅದೇ ಕಡೆಗೆ ತಳ್ಳುತ್ತದೆ. ಮೊದಲ ಮೂರು ವರ್ಷಗಳ ಸೇವೆಯಲ್ಲಿ ಆಟಗಾರನಿಗೆ ಹೆಚ್ಚುಕಡಿಮೆ ಕನಿಷ್ಠ ವೇತನವೇ ಗತಿ. ಅನಂತರದ ಮೂರು ವರ್ಷ ತಂಡದೊಂದಿಗೆ ಒಪ್ಪಂದವಾಗದಿದ್ದರೆ ಮಧ್ಯಸ್ಥಿಕೆಯ ಮಂಡಳಿ ಸಂಬಳ ನಿರ್ಧರಿಸುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ವಿನ್ ಅವರಿಗೆ ಆ ಹಂತ ತಲುಪಲು 2026ರ ಋತು ಮುಗಿಯಬೇಕು. ಆ ಮಂಡಳಿಯ ಮುಂದೆ ಬಹುಕಾಲದಿಂದ ತೂಕವಿರುವುದು ಹೋಮ್ ರನ್, ರನ್ ಬ್ಯಾಟೆಡ್ ಇನ್, ಬ್ಯಾಟಿಂಗ್ ಸರಾಸರಿಗಳಂಥ ಹಳೆಯ ಅಂಕಿಗಳಿಗೆ. ಗೋಲ್ಡ್ ಗ್ಲೋವ್ ನೆರವಾಗುತ್ತದೆ, ಆದರೆ ಸಂದಿಯಲ್ಲಿ ಹಿಡಿದು ತಡೆದ ಆ 15 ರನ್‌ಗಳಿಗೆ 15 ಹೋಮ್ ರನ್‌ಗಳಿಗೆ ಸಿಗುವ ಬೆಲೆ ಸಿಗುವುದಿಲ್ಲ. ತಂಡಗಳ ವಿಶ್ಲೇಷಕರು ಕ್ಷೇತ್ರರಕ್ಷಣೆಯನ್ನು ದಶಮಾಂಶದವರೆಗೆ ಅಳೆದು ಆಟಗಾರರನ್ನು ಆರಿಸುತ್ತಾರೆ. ಅದೇ ಕೌಶಲಕ್ಕೆ ಹಣ ಕೊಡುವ ಹೊತ್ತಿನಲ್ಲಿ ಅಳತೆ ಹಳೆಯದಾಗಿಬಿಡುತ್ತದೆ. ಈ ಅನ್ಯಾಯ ಸರಿಹೋಗದ ಹೊರತು 24ರ ಹರೆಯದವನೊಬ್ಬ ಬೇಲಿಯ ಕಡೆಗೇ ಬ್ಯಾಟ್ ಬೀಸಿದರೆ ಅವನನ್ನು ದೂರುವುದು ನನ್ನಿಂದಾಗದು. ತಂಡವೇ ಮುಂದಾಗಿ ದೀರ್ಘ ಒಪ್ಪಂದ ಮಾಡಿಕೊಂಡರೆ ಆ ಒತ್ತಡ ತಾನಾಗಿ ಇಳಿಯುತ್ತದೆ.

ಕಾರ್ಡಿನಲ್ಸ್ ತಂಡಕ್ಕೆ ಈಗ ಅದಕ್ಕೆ ಅವಕಾಶವೂ ಇದೆ. ಜಾನ್ ಮೊಜೆಲಿಯಾಕ್ ಅವರ ನಂತರ ಆಡಳಿತದ ಹೊಣೆ ಹೊತ್ತ ಹೈಮ್ ಬ್ಲೂಮ್, ಸನ್ನಿ ಗ್ರೇ ಅವರಂಥ ಹಿರಿಯರನ್ನು ಬಿಟ್ಟುಕೊಟ್ಟು ಕಿರಿಯರ ಸುತ್ತ ತಂಡ ಕಟ್ಟಲು ಹೊರಟಿದ್ದಾರೆ. 2024ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಆಯ್ಕೆಯಾದ ಜೆ.ಜೆ. ವೆದರ್‌ಹೋಲ್ಟ್ ಕಾಲೇಜಿನಿಂದ ಬಂದದ್ದು ಶಾರ್ಟ್‌ಸ್ಟಾಪ್ ಆಗಿಯೇ. ಅವರು ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲೂ ಆಡಿ ಅಭ್ಯಾಸ ಮಾಡಿಕೊಳ್ಳಬೇಕಾಯಿತು, ಏಕೆಂದರೆ ಶಾರ್ಟ್‌ಸ್ಟಾಪ್ ಜಾಗದಲ್ಲಿ ವಿನ್ ಇದ್ದಾರೆ. ವಿನ್ ಅವರ ಬ್ಯಾಟ್ ಬಗ್ಗೆ ಏನೇ ಅನುಮಾನವಿದ್ದರೂ ತಂಡದ ಉಳಿದ ಜಾಗಗಳು ಅವರ ಕೈಗವಸಿನ ಸುತ್ತಲೇ ಹಂಚಿಕೆಯಾಗುತ್ತಿವೆ. ಸೋಲುವ ವರ್ಷಗಳಲ್ಲಿ ಯುವ ಪಿಚರ್‌ಗಳು ಬೆಳೆಯಬೇಕಿದ್ದರೆ, ಔಟ್ ಆಗಬೇಕಾದ ಚೆಂಡು ಔಟ್ ಆಗುತ್ತದೆ ಎಂಬ ನಂಬಿಕೆ ಅವರಿಗೆ ಇರಲೇಬೇಕು.

ಒಂದು ಆತಂಕವನ್ನು ಮಾತ್ರ ತಳ್ಳಿಹಾಕಲಾಗದು. ಶಾರ್ಟ್‌ಸ್ಟಾಪ್‌ಗೆ ಬೇಕಾದ ಚುರುಕು ಇಪ್ಪತ್ತರ ಮಧ್ಯದಲ್ಲೇ ತುದಿ ಮುಟ್ಟಿ ಇಳಿಯತೊಡಗುತ್ತದೆ. ಬ್ಯಾಟರ್ ಸಾಮಾನ್ಯವಾಗಿ ಪಕ್ವವಾಗುವುದು 26, 27ರ ಹೊತ್ತಿಗೆ. ಬ್ಯಾಟ್ ಮೇಲೆ ಬರುವಾಗ ಕೈಗವಸು ಕೆಳಗಿಳಿಯುವ ಸಾಧ್ಯತೆ ಇದ್ದೇ ಇದೆ, ಮತ್ತು ಶಸ್ತ್ರಚಿಕಿತ್ಸೆಯಾದ ಮೊಣಕಾಲು ಆ ಇಳಿತವನ್ನು ಬೇಗ ತರಬಹುದು. ಆದ್ದರಿಂದ 2026ರಲ್ಲಿ ಅವರ ಆಟ ನೋಡುವವರು ಹೋಮ್ ರನ್ ಎಣಿಸುವ ಬದಲು ಎರಡು ವಿಷಯಗಳ ಮೇಲೆ ಕಣ್ಣಿಡುವುದು ಒಳ್ಳೆಯದು. ಬಲಗಡೆಯ ಸಂದಿಗೆ ಹೋಗುವಾಗಿನ ಮೊದಲ ಹೆಜ್ಜೆ ಹಿಂದಿನಷ್ಟೇ ತ್ವರಿತವಾಗಿದೆಯೇ ಎಂಬುದು ಒಂದು. ಎರಡು ಸ್ಟ್ರೈಕ್ ಆಗುವುದಕ್ಕೆ ಮೊದಲು ಹೊರಗೆ ಜಾರುವ ಸ್ಲೈಡರ್ ಎಸೆತಗಳನ್ನು ಅವರು ಬಿಡುತ್ತಿದ್ದಾರೆಯೇ ಎಂಬುದು ಇನ್ನೊಂದು. ಆನ್‌ಬೇಸ್ 0.330ರ ಹತ್ತಿರ ಬಂದು ಸ್ಲಗಿಂಗ್ 0.390 ಮುಟ್ಟಿದರೆ, ಹೋಮ್ ರನ್ ಹತ್ತೇ ಇದ್ದರೂ, ನ್ಯಾಷನಲ್ ಲೀಗ್‌ನಲ್ಲಿ ಅವರಿಗಿಂತ ಹೆಚ್ಚು ಬೆಲೆಬಾಳುವ ಶಾರ್ಟ್‌ಸ್ಟಾಪ್‌ಗಳು ಒಂದು ಕೈ ಬೆರಳಿಗಿಂತ ಹೆಚ್ಚಿರಲಾರರು.